ಮಗು ಅತ್ತರೆ ಕೋಟೆ ನಮ್ಮದು

ನನ್ನ ತಮ್ಮ ಹ್ಯಾಮೊ ದ ಸೋರ್ವಲ್‌ನನ್ನು ಜನ ಬ್ಯಾರನ್ ಎಂದು ಕರೆಯುತ್ತಿದ್ದರು. ಅವನು ಕುದುರೆಯ ಮೇಲೆ ಹೊರಟರೆ ಹಾದಿಯುದ್ದಕ್ಕೂ ಟೋಪಿ ತೆಗೆದು ನಿಲ್ಲುತ್ತಿದ್ದರು. ನನಗೆ ಮಾತ್ರ ನಗು ತಡೆಯಲು ಆಗುತ್ತಿರಲಿಲ್ಲ. ಅವನು ಕೂತ ಕುದುರೆ ಅವನ ಹೆಂಡತಿಯದು, ಕುದುರೆ ತುಳಿಯುವ ಹಾದಿ ಅವನ ಹೆಂಡತಿಯದು, ಟೋಪಿ ತೆಗೆದವರು ಉಳುವ ಹೊಲವೂ ಅವನ ಹೆಂಡತಿಯದೇ. ನಮ್ಮ ಸ್ವಂತದ್ದು ಅಂತ ಇದ್ದದ್ದೆಲ್ಲ ಕಡಲಾಚೆ ನಾರ್ಮಂಡಿಯಲ್ಲಿ: ಅಪ್ಪನ ಒಂದು ಮರದ ಬುರುಜು, ಒಂದಿಷ್ಟು ಸೇಬಿನ ತೋಟ. ನಮ್ಮ ರಾಜರು ನಾರ್ಮಂಡಿಯನ್ನು ಫ್ರಾನ್ಸಿನವರಿಗೆ ಸೋತ ವರ್ಷ ಅದೂ ಕೈಬಿಟ್ಟು ಹೋಯಿತು. ಉಳಿದದ್ದು ಹೆಸರಿಗೆ ಅಂಟಿಕೊಂಡ ಸೋರ್ವಲ್ ಎಂಬ ಆ ಊರಿನ ಹೆಸರು ಮತ್ತು ಅಪ್ಪನ ದೊಡ್ಡ ಗಂಟಲು. ಗಂಟಲು ನನ್ನ ಪಾಲಿಗೆ ಬಂತು, ಹೆಸರು ತಮ್ಮನ ಪಾಲಿಗೆ.

ಹ್ಯಾಮೊ ಯುದ್ಧದಲ್ಲಿ ಚೆನ್ನಾಗಿ ಏಟು ತಿಂದ, ಅದಕ್ಕೆ ಎರಡರಷ್ಟು ಏಟು ಕೊಟ್ಟ. ರಾಜರು ಮೆಚ್ಚಿ, ವೇಲ್ಸ್ ಗಡಿಯ ಬ್ರಾಕನ್‌ಹೋಪ್ ಕೋಟೆಯ ಒಬ್ಬಳೇ ವಾರಸುದಾರಳಾದ ಹವೀಸ್‌ಳನ್ನು ಅವನಿಗೆ ಕೊಟ್ಟು ಮದುವೆ ಮಾಡಿಸಿದರು. ಹುಡುಗಿ ಕರ್ರಗೋ ಬೆಳ್ಳಗೋ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಸುಳ್ಳು ಯಾಕೆ ಹೇಳಲಿ, ಕಾಡು ಎಷ್ಟು ದೊಡ್ಡದು ಎಂದು ಮೊದಲು ಕೇಳಿದವಳು ನಾನೇ. ಗಂಡನನ್ನು ಕಳೆದುಕೊಂಡು ತಮ್ಮನ ಜೊತೆ ಊರೂರು ಅಲೆಯುತ್ತಿದ್ದವಳಿಗೆ ತಲೆಯ ಮೇಲೊಂದು ಸೂರು ಬೇಕಿತ್ತು. ಹ್ಯಾಮೊ ಬ್ರಾಕನ್‌ಹೋಪಿಗೆ ಬಂದ ದಿನ ಗಿರಣಿ ನೋಡಿದ, ಮೀನಿನ ಕೆರೆ ನೋಡಿದ, ಓಕ್ ಮರಗಳ ಸುತ್ತಳತೆಯನ್ನು ತಬ್ಬಿ ತಬ್ಬಿ ನೋಡಿದ. ಸಂಜೆ ಊಟಕ್ಕೆ ಕೂತಾಗ ಹವೀಸ್ ಅವನ ಮುಂದೆ ರೊಟ್ಟಿ ಇಟ್ಟು ಹೇಳಿದಳು:

"ಎಲ್ಲಾ ನೋಡಿ ಆಯ್ತಾ? ಹಾಗೇ ನನ್ನನ್ನೂ ಒಂದ್ಸಲ ನೋಡಿಬಿಡಿ. ನಾನೂ ಅದರ ಜೊತೆಗೇ ಬರ್ತೀನಿ."

ಹ್ಯಾಮೊನ ಕಿವಿ ಕೆಂಪಗಾಯಿತು. ಆ ಗಳಿಗೆಯಿಂದ ನನಗೆ ಆ ಹುಡುಗಿ ಅಂದರೆ ಪಂಚಪ್ರಾಣ.

ಸಂಸಾರ ಚೆನ್ನಾಗಿಯೇ ನಡೆಯಿತು, ಜಗಳ ಮಾತ್ರ ತಪ್ಪಲಿಲ್ಲ. ಅವನು ಅಷ್ಟು ಖರ್ಚು ಮಾಡಿ ಹೊಸ ಕಲ್ಲಿನ ಬುರುಜು ಎಬ್ಬಿಸಿದಾಗ ಜಗಳ, ಬೇಟೆನಾಯಿಗಳನ್ನು ಹಾಸಿಗೆಗೆ ಹತ್ತಿಸಿಕೊಂಡಾಗ ಜಗಳ. ಜಗಳದ ಕೊನೆಗೆ ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು. "ನೀವು ಮದ್ವೆ ಆಗಿದ್ದು ಗಿರಣೀನ. ಹೋಗಿ, ಅದರ ಜೊತೆಗೇ ಮಲ್ಕೊಳ್ಳಿ." ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊರಗೆ ಇನ್ನೂರು ಜನರಿಗೆ ಕೂಗಿ ಅಪ್ಪಣೆ ಕೊಡುವ ಗಂಡಸು ಹೆಂಡತಿಯ ಮುಂದೆ ಬಾಯಿಗೆ ಬೀಗ ಹಾಕಿಕೊಂಡು, ನಾಯಿಯ ಕಿವಿ ತುರಿಸುತ್ತಾ ಕೂತುಬಿಡುತ್ತಿದ್ದ. ಅವಳು ಹಂಗಿಸುವುದಕ್ಕೆ ಹೇಳುತ್ತಿದ್ದಾಳೆ ಎಂದು ಅವನು ತಿಳಿದಿದ್ದ. ಅವಳಿಗೆ ನಿಜವಾಗಿಯೂ ನೋವಿದೆ ಎಂದು ನನಗೆ ಗೊತ್ತಿತ್ತು.

ಎರಡು ಸಲ ಬಸಿರಾದಳು. ಎರಡು ಕೂಸುಗಳೂ ಸದ್ದಿಲ್ಲದೆ ಹುಟ್ಟಿ ಸದ್ದಿಲ್ಲದೆ ಮಣ್ಣು ಸೇರಿದವು. ಅದರ ಮಾತು ಬೇಡ. ಮೂರನೆಯ ಬಸಿರು ನಿಂತಾಗ ಅವಳ ಕೂದಲಲ್ಲಿ ಬಿಳಿ ಎಳೆ ಕಾಣಿಸಿಕೊಂಡಿತ್ತು. ಸೂಲಗಿತ್ತಿ ಆಲ್ವಿವಾ ಹೊಟ್ಟೆ ಮುಟ್ಟಿ ನೋಡಿ, ಕೋಣೆಯಿಂದ ಹೊರಬಂದು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅಮ್ಮಾವ್ರೇ, ಇದು ಕಷ್ಟದ ಹೆರಿಗೆ. ಇಬ್ಬರಲ್ಲಿ ಒಬ್ಬರು ಉಳಿದ್ರೂ ಮೇಣದಬತ್ತಿ ಹಚ್ಚಿ."

ಇಲ್ಲಿ ನಮ್ಮ ಕಾನೂನಿನ ಮಾತು ಒಂದಿಷ್ಟು ಹೇಳಬೇಕು. ಹೆಂಡತಿ ತಂದ ಭೂಮಿ, ಅವಳು ಸತ್ತರೆ, ಅವಳ ತವರಿನವರಿಗೆ ವಾಪಸು. ಗಂಡ ಗಂಟುಮೂಟೆ ಕಟ್ಟಬೇಕು. ಆದರೆ ಅವಳು ಜೀವವಿರುವ ಮಗುವನ್ನು ಹೆತ್ತು, ಅದು ಅತ್ತದ್ದು ನಾಲ್ಕು ಗೋಡೆಗಳ ನಡುವೆ ಕೇಳಿಸಿತೋ, ಆಮೇಲೆ ತಾಯಿ ಹೋಗಲಿ, ಮಗುವೇ ಹೋಗಲಿ, ಗಂಡ ಬದುಕಿರುವವರೆಗೆ ಆ ಭೂಮಿ ಅವನದು. ಮಗು ಉಸಿರಾಡಿದರೆ ಸಾಲದು. ಕಣ್ಣು ಬಿಟ್ಟರೆ ಸಾಲದು. ಅಳಬೇಕು. ಕೇಳಿದವರು ಗಂಡಸರಾಗಿರಬೇಕು, ಇಬ್ಬರಾದರೂ ಇರಬೇಕು, ಯಾಕೆಂದರೆ ಈ ವಿಷಯದಲ್ಲಿ ಹೆಂಗಸರ ಸಾಕ್ಷಿ ನಡೆಯುವುದಿಲ್ಲ. ಹೆರಿಗೆ ಕೋಣೆಗೆ ಗಂಡಸರು ಕಾಲಿಡುವ ಹಾಗೂ ಇಲ್ಲ. ಅಂದರೆ ಕಣ್ಣಾರೆ ಕಂಡವರ ಮಾತು ಲೆಕ್ಕಕ್ಕಿಲ್ಲ, ಬಾಗಿಲಿಗೆ ಕಿವಿಗೊಟ್ಟು ನಿಂತವರದೇ ಮಾತು. ಇದನ್ನು ಮಾಡಿದವನು ಗಂಡಸೇ ಎಂದು ಬೇರೆ ಹೇಳಬೇಕಾಗಿಲ್ಲ.

ಮಗು ಅಳದೇ ಹವೀಸ್ ಕಣ್ಣು ಮುಚ್ಚಿದರೆ ಬ್ರಾಕನ್‌ಹೋಪ್ ಯಾರ ಪಾಲು? ಅವಳ ಚಿಕ್ಕಪ್ಪನ ಮಗ ಓಸ್ಬರ್ಟ್‌ನ ಪಾಲು. ಮಗು ಉಳಿದರೂ ಅದರ ಪಾಲಕನಾಗಿ ಬಂದು ಕೂರುವವನು ಅವನೇ. ಆ ಮಹಾನುಭಾವ ಸುಗ್ಗಿಯ ಕೊನೆಗೆ ಬರುವ ಸಂತ ಮೈಕೇಲನ ಹಬ್ಬದ ಮಾರನೆಯ ದಿನವೇ ಹಾಜರಾದ. ತಂಗಿಗಾಗಿ ಪ್ರಾರ್ಥನೆ ಮಾಡಲು ಬಂದನಂತೆ. ಪ್ರಾರ್ಥನೆಯನ್ನು ನಾನು ಕಾಣಲಿಲ್ಲ, ನಮ್ಮ ಹೆಬ್ಬಾತುಗಳು ಒಂದೊಂದಾಗಿ ಮಾಯವಾದದ್ದನ್ನು ಕಂಡೆ. ತಿಂದು ಬೆರಳು ನೆಕ್ಕುತ್ತಾ ದೊಡ್ಡ ಹಜಾರದ ತೊಲೆಗಳನ್ನು ತಲೆಯೆತ್ತಿ ನೋಡುತ್ತಿದ್ದ.

"ಭಾವ," ಎಂದ ಒಂದು ದಿನ ಹ್ಯಾಮೊಗೆ, "ಈ ತೊಲೆಗಳಿಗೆ ಹುಳ ಬಿದ್ದಿಲ್ಲ ತಾನೇ?"

"ಈಚೆಗೆ ಒಂದು ಬಂದು ಸೇರ್ಕೊಂಡಿದೆ," ಎಂದೆ ನಾನು. "ದಪ್ಪ ಹುಳ. ಬಾತುಗಳನ್ನೂ ತಿನ್ನತ್ತೆ."

ಓಸ್ಬರ್ಟ್ ನಕ್ಕ. ಅವನಿಗೆ ಯಾವ ಮಾತೂ ನಾಟುತ್ತಿರಲಿಲ್ಲ, ಚರ್ಮ ಅಷ್ಟು ದಪ್ಪ. "ಅಮೀಸ್ ಅಕ್ಕನ ನಾಲಿಗೆ ಇನ್ನೂ ಚುರುಕಾಗಿದೆ," ಎಂದ. "ಚಿಂತೆ ಮಾಡ್ಬೇಡಿ ಅಕ್ಕ. ಏನೇ ಆದ್ರೂ ನಿಮಗೆ ನಮ್ಮ ಕುರಿದೊಡ್ಡಿ ಪಕ್ಕದಲ್ಲಿ ಒಂದು ಕೋಣೆ ಕೊಡ್ತೀನಿ. ಬೆಚ್ಚಗಿರತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಬಟ್ಟಲಿಗೆ ಸೇಬಿನ ಮದ್ಯ ಸುರಿಯಲು ಹೋಗಿ ತೊಡೆಗೆ ಸುರಿದೆ. ಆಕಸ್ಮಿಕ ಎಂದು ಎಲ್ಲರೂ ನಂಬಿದರು.

ಹ್ಯಾಮೊ ತನ್ನ ಸಾಕ್ಷಿಗಳನ್ನೂ ಕರೆಸಿದ. ನೆರೆಯ ಇಬ್ಬರು ಸರದಾರರು. ಒಬ್ಬರು ಮುದುಕ ರೈನ್‌ಫ್ರಿಡ್, ಒಣಕಲು ಮನುಷ್ಯ, ಕಿವಿ ಮಾತ್ರ ಬೇಟೆನಾಯಿಯಷ್ಟು ಚುರುಕು. ಇನ್ನೊಬ್ಬ ವಾಕೆಲಿನ್, ತನ್ನ ಬೂದು ಹೆಣ್ಣುಕುದುರೆಯ ಹೊರತು ಜಗತ್ತಿನಲ್ಲಿ ಬೇರಾವುದರ ಚಿಂತೆಯೂ ಇಲ್ಲದ ಡೊಳ್ಳುಹೊಟ್ಟೆಯವ. ಬಂದ ಗಳಿಗೆಯಿಂದ ಲಾಯದಲ್ಲೇ ಇರುತ್ತಿದ್ದ. ಊಟಕ್ಕೆ ಕರೆತರುವುದೇ ಒಂದು ಕೆಲಸ.

ಹೆರಿಗೆಗೆ ಹ್ಯಾಮೊ ತನ್ನ ಹೊಸ ಬುರುಜಿನ ಕೋಣೆಯನ್ನೇ ಬಿಡಿಸಿಕೊಟ್ಟ. ಅವನಿಗೆ ಆ ಬುರುಜು ಅಂದರೆ ಹೆಮ್ಮೆ. ಒಂದು ಎತ್ತು ಅಡ್ಡ ಮಲಗಬಹುದಾದಷ್ಟು ದಪ್ಪ ಗೋಡೆ. ಆಲ್ವಿವಾ ನಮ್ಮ ಪದ್ಧತಿಯಂತೆ ಕಿಟಕಿಗಳಿಗೆ ಕಂಬಳಿ ಬಿಗಿದಳು, ಗೋಡೆಗೆಲ್ಲ ಜಮಖಾನ ಇಳಿಬಿಟ್ಟಳು, ಬೀಗದ ತೂತಿಗೂ ಉಣ್ಣೆ ತುರುಕಿದಳು. ಬಾಣಂತಿಗೆ ಗಾಳಿ ಬೆಳಕು ಸೋಕಬಾರದಲ್ಲ. ಎಲ್ಲಾ ಮುಗಿದ ಮೇಲೆ ರೈನ್‌ಫ್ರಿಡ್ ಮೆಟ್ಟಿಲ ಮೇಲೆ ನಿಂತು ಗಡ್ಡ ತುರಿಸಿದರು.

"ಒಂದ್ಸಲ ಒಳಗಿಂದ ಯಾರಾದ್ರೂ ಕೂಗಿ ನೋಡಿ. ನಂಗ್ಯಾಕೋ ಅನುಮಾನ."

ನಾನು ಬಾಗಿಲು ಹಾಕಿಕೊಂಡು ಕೂಗಿದೆ. ಜೀವ ಹೋದವಳ ಹಾಗೆ ಕೂಗಿದೆ. ಬಾಗಿಲು ತೆಗೆದು ನೋಡಿದರೆ ಅವರು ಆರಾಮಾಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದಾರೆ. "ಶುರು ಮಾಡಿ ಅಮ್ಮಾ," ಎಂದರು.

ಹಾಸಿಗೆಯ ಮೇಲೆ ಒರಗಿದ್ದ ಹವೀಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತಿಗೆ, ನಿಮ್ಮ ದನೀನೇ ಕೇಳ್ಲಿಲ್ಲ ಅಂದ್ರೆ ಇಡೀ ಇಂಗ್ಲೆಂಡಲ್ಲಿ ಇನ್ಯಾರ ದನೀನೂ ಕೇಳಲ್ಲ. ಇವರು ಗೋಡೆ ಕಟ್ಟಿರೋ ಚೆಂದ ನೋಡಿ! ವೇಲ್ಸಿನವರ ಬಾಣ ತಡೀತಾರಂತೆ, ಸ್ವಂತ ಮಗು ಅಳೋದನ್ನೂ ತಡೆದ್ರು."

ಉಣ್ಣೆ ತೆಗೆ ಎಂದರೆ ಆಲ್ವಿವಾ ಕೇಳಲೊಲ್ಲಳು. ಗಾಳಿ ಹೊಕ್ಕರೆ ಜ್ವರ ಬರುತ್ತದೆ, ತನ್ನ ಮೇಲೆ ಹೊರೆ ಹಾಕಬೇಡಿ ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಅರ್ಧ ದಿನ ವಾದ ನಡೆದು, ಬೀಗದ ತೂತೊಂದನ್ನು ಮಾತ್ರ ಬಿಡಿಸುವುದು, ಅದರ ಮುಂದೆ ರೈನ್‌ಫ್ರಿಡ್ ಕಿವಿಯಿಟ್ಟು ಕೂತು ಗಾಳಿ ತಡೆಯುವುದು ಎಂದು ತೀರ್ಮಾನವಾಯಿತು. ಮುದುಕನಿಗೆ ಒಂದು ಮುಕ್ಕಾಲಿ, ಒಂದು ಜಗ್ಗು ಮದ್ಯ ಕೊಟ್ಟು ಕೂರಿಸಿದೆವು.

ನೋವು ಶುರುವಾದದ್ದು ಒಂದು ಬೆಳಗ್ಗೆ. ಹೊರಗೆ ಮಂಜು ಕರಗಿ ಬಿಸಿಲು ಬರುತ್ತಿತ್ತು. ಆಲ್ವಿವಾ ಮೆಟ್ಟಿಲ ಮೇಲೆ ನಿಂತು ಇಡೀ ಕೋಟೆಗೆ ಕೇಳುವ ಹಾಗೆ ಅಪ್ಪಣೆ ಮಾಡಿದಳು: "ಕಟ್ಟಿರೋದೆಲ್ಲ ಬಿಚ್ಚಿ! ಮುಚ್ಚಿರೋದೆಲ್ಲ ತೆಗೀರಿ!"

ಇದು ನಮ್ಮಲ್ಲಿ ಹೆತ್ತವರಿಗೆಲ್ಲ ಗೊತ್ತು. ಮನೆಯಲ್ಲಿ ಒಂದೇ ಒಂದು ಗಂಟು ಬಿಗಿದಿದ್ದರೂ ಹೆರುವವಳ ನೋವು ಬಿಡುವುದಿಲ್ಲ. ಪೆಟ್ಟಿಗೆಗಳ ಮುಚ್ಚಳ ತೆಗೆದರು, ಬಾಗಿಲುಗಳ ಅಗುಳಿ ಸರಿಸಿದರು, ಹಿಟ್ಟಿನ ಚೀಲಗಳ ಬಾಯಿ ಬಿಚ್ಚಿದರು. ನಾವು ಹೆಂಗಸರು ಜಡೆ ಬಿಚ್ಚಿಕೊಂಡೆವು. ಗಂಡಸರು ಬೂಟಿನ ಲಾಡಿ, ಸೊಂಟದ ಪಟ್ಟಿ ಬಿಚ್ಚಿದರು. ಓಸ್ಬರ್ಟ್ ಮಾತ್ರ ಹಜಾರದ ಮೂಲೆಯಲ್ಲಿ ಇಜಾರದ ಲಾಡಿ ಹಿಡಿದುಕೊಂಡು, ಇದೆಲ್ಲ ಹಳ್ಳಿ ಹೆಂಗಸರ ಮೂಢನಂಬಿಕೆ ಎಂದು ನಿಂತಿದ್ದ.

"ಪ್ರಾರ್ಥನೆ ಮಾಡೋಕೆ ಬಂದವನು ತಾನೇ ನೀನು?" ಎಂದೆ. "ಬಿಚ್ಚು. ಇಲ್ಲಾಂದ್ರೆ ತನ್ನ ತಂಗಿ ಸಾಯ್ಲಿ ಅಂತ ಗಂಟು ಕಟ್ಕೊಂಡು ಕೂತಿದ್ದ ಅಂತ ಪೇಟೆ ಪೇಟೆಯಲ್ಲಿ ಸಾರ್ತೀನಿ. ನನ್ನ ಗಂಟಲು ಗೊತ್ತಲ್ಲ."

ಬಿಚ್ಚಿದ. ಎರಡೂ ಕೈಯಲ್ಲಿ ಇಜಾರ ಹಿಡಿದುಕೊಂಡು ನನ್ನ ಹಿಂದೆ ಮೆಟ್ಟಿಲು ಹತ್ತಿದ. ಮಗು ಅಳಲಿಲ್ಲ ಎಂದು ಹೇಳುವುದಕ್ಕೂ ಒಬ್ಬ ಸಾಕ್ಷಿ ಬೇಕಲ್ಲ.

ಲಾಯದಲ್ಲಿ ಕುದುರೆಗಳ ಹಗ್ಗವನ್ನೂ ಬಿಚ್ಚಿದ್ದರು. ನಮ್ಮ ಕುದುರೆಗಳಿಗೆ ಮನೆಯ ಪದ್ಧತಿ ಗೊತ್ತೋ ಏನೋ, ನಿಂತಲ್ಲೇ ಹುಲ್ಲು ಮೇಯುತ್ತಿದ್ದವು. ವಾಕೆಲಿನ್‌ನ ಬೂದು ಕುದುರೆ ತೆರೆದ ಹೆಬ್ಬಾಗಿಲನ್ನು ನೋಡಿದ್ದೇ ತಡ, ಬಾಲ ಎತ್ತಿಕೊಂಡು ಓಟ ಕಿತ್ತಿತು. "ನನ್ನ ಬಂಗಾರ! ನನ್ನ ಬಂಗಾರ!" ಎಂದು ಕೂಗುತ್ತಾ ಅವನೂ ಹಿಂದೆ ಓಡಿದ. ಬಿಚ್ಚಿದ ಬೂಟುಗಳು ಅಂಗಳದಲ್ಲೇ ಉಳಿದವು. ಹೋಗಲಿ, ಹೆರಿಗೆಗೆ ಇನ್ನೂ ಹೊತ್ತಿದೆ, ಅಷ್ಟರಲ್ಲಿ ಬರುತ್ತಾನೆ ಎಂದುಕೊಂಡೆವು.

ಹೊತ್ತಿರಲಿಲ್ಲ. ಮಧ್ಯಾಹ್ನದ ಗಂಟೆ ಬಾರಿಸುವ ಮೊದಲೇ ಮಗು ಬಂತು. ಹೆಣ್ಣು. ಕೈಕಾಲು ಎಲ್ಲಾ ನೆಟ್ಟಗಿದೆ, ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ. ಆಲ್ವಿವಾ ತಲೆಕೆಳಗೆ ಹಿಡಿದು ಬೆನ್ನಿಗೆ ತಟ್ಟಿದಳು. ಮಗು ಆಕಳಿಸಿತು.

ನಾನು ಉಪ್ಪು ಸವರಿದೆ. ಅಂಗಾಲಿಗೆ ಹೊಡೆದೆ. ನಾಲಿಗೆಗೆ ಜೇನು ಹಚ್ಚಿದರೆ ಚಪ್ಪರಿಸಿತು. ಆಲ್ವಿವಾ ಅವಸರಕ್ಕೆ ನೀರು ಚಿಮುಕಿಸಿ ದೀಕ್ಷಾಸ್ನಾನವನ್ನೂ ಮುಗಿಸಿದಳು. ತೊಡೆ ಚಿವುಟಿದಳು. ಕೂಸು ಅವಳನ್ನೇ ದುರುಗುಟ್ಟಿ ನೋಡಿತು. ತಾಯಿಯ ಕಣ್ಣು, ತಾಯಿಯದೇ ಹಟ. ಅಳಲೇ ಇಲ್ಲ.

"ಅಳೇ ತಾಯಿ," ಎಂದೆ. "ನಿನ್ನ ದಮ್ಮಯ್ಯ ಅಂತೀನಿ. ಒಂದೇ ಒಂದ್ಸಲ. ಆಮೇಲೆ ಜೀವಮಾನ ಇಡೀ ನಗ್ತಾ ಇರು."

ಹಿಂದಿರುಗಿ ನೋಡಿದರೆ ಹವೀಸ್‌ಳ ಮುಖ ಸುಣ್ಣ ಬಳಿದ ಗೋಡೆಯ ಬಣ್ಣಕ್ಕೆ ಬಂದಿತ್ತು. ರಕ್ತ ನಿಲ್ಲುತ್ತಿರಲಿಲ್ಲ. ಆಲ್ವಿವಾ ಮಗುವನ್ನು ನನ್ನ ಕೈಗೆ ತುರುಕಿ ಅವಳ ಕಡೆ ಓಡಿದಳು. ಬಟ್ಟೆ ಒತ್ತಿದಳು, ಹೊಟ್ಟೆ ನೀವಿದಳು, ಬಿಸಿ ದ್ರಾಕ್ಷಾರಸವನ್ನು ತುಟಿಗೆ ಹಿಡಿದಳು. ಹವೀಸ್ ಮುಖ ಆಚೆ ತಿರುಗಿಸಿದಳು.

"ಬೇಡ ಕಣೆ. ಸುಸ್ತಾಗಿದೆ. ಮಲಗ್ತೀನಿ."

ಆ ದನಿ ನನಗೆ ಹಿಡಿಸಲಿಲ್ಲ. ನನ್ನ ಗಂಡನೂ ಅದೇ ದನಿಯಲ್ಲಿ ಮಲಗುತ್ತೇನೆ ಎಂದಿದ್ದ.

ಆಲ್ವಿವಾ ನನ್ನ ಕಿವಿಯ ಹತ್ತಿರ ಬಂದಳು. "ಅಮ್ಮಾವ್ರೇ, ರಕ್ತ ಕಮ್ಮಿಯಾಗ್ತಿದೆ, ಆದ್ರೆ ಮನಸ್ಸೇ ಬಿಟ್ಬಿಟ್ಟಿದ್ದಾರೆ. ಹೇಳೋಕಾಗಲ್ಲ. ಇತ್ಲಾಗೆ ಈ ಕೂಸು ಅಳ್ತಿಲ್ಲ. ನಾನೇ ಅತ್ತುಬಿಡ್ಲಾ? ನಾನು ಎಷ್ಟು ಮಕ್ಕಳ ಅಳು ಕೇಳಿಲ್ಲ. ಬೀಗದ ತೂತಿಗೆ ಬಾಯಿಟ್ಟು ಒಂದ್ಸಲ 'ಉವ್ವಾ' ಅಂದ್ರೆ ಸಾಕು. ಯಾರಿಗೆ ಗೊತ್ತಾಗತ್ತೆ?"

ಹೌದು ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕುರಿದೊಡ್ಡಿಯ ಪಕ್ಕದ ಕೋಣೆ ಕಣ್ಣೆದುರು ಬಂದು ನಿಂತಿತು. ಆದರೆ ಹಾಸಿಗೆಯಿಂದ ಸಣ್ಣ ದನಿ ಬಂತು.

"ಬೇಡ ಅತ್ತಿಗೆ. ನನ್ನ ಮಗಳು ಭೂಮಿಗೆ ಬಂದು ಆಡೋ ಮೊದಲ ಮಾತು, ಅದೂ ಸುಳ್ಳಾಗೋದು ಬೇಡ." ಕಣ್ಣನ್ನು ಮಗುವಿನ ಕಡೆ ಹೊರಳಿಸಿ ಹೇಳಿದಳು, "ಪಾಪ, ಇವರಿಗೆ ಗಿರಣಿ ಹೋಗತ್ತೆ. ಬೇಜಾರು ಮಾಡ್ಕೋತಾರೆ." ಕಣ್ಣು ಮುಚ್ಚಿದಳು.

ಸಾಯುವ ಹೊತ್ತಿನಲ್ಲೂ ಈ ಹುಡುಗಿಯ ತಲೆಯಲ್ಲಿ ಅದೇ ಗಿರಣಿ.

ಬಾಗಿಲಾಚೆ ಹ್ಯಾಮೊ ಇದ್ದ. ರೈನ್‌ಫ್ರಿಡ್‌ರ ತಲೆಯನ್ನು ಸರಿಸಿ ಬೀಗದ ತೂತಿಗೆ ಬಾಯಿಟ್ಟಿದ್ದನೆಂದು ಕಾಣುತ್ತದೆ. "ಅಕ್ಕಾ! ಏನಾಯ್ತು? ಯಾಕೆ ಯಾರೂ ಮಾತಾಡ್ತಿಲ್ಲ?"

"ಹೆಣ್ಣು!" ಎಂದು ಕೂಗಿದೆ. "ಉಸಿರಾಡ್ತಿದೆ, ಅಳ್ತಿಲ್ಲ!"

"ಹವೀಸ್?"

ನನಗೆ ಉತ್ತರ ಹೊರಡಲಿಲ್ಲ. ನನ್ನ ಗಂಟಲಿಗೆ ಅಂಥದ್ದು ಆದದ್ದು ಅದೇ ಮೊದಲು.

ಬಾಗಿಲ ಅಗುಳಿಯನ್ನು ಬೆಳಗ್ಗೆಯೇ ಸರಿಸಿದ್ದೆವು. ಅವನು ಭುಜ ಕೊಟ್ಟು ನೂಕಿದ್ದಕ್ಕೆ ಧಡಾರನೆ ತೆರೆದುಕೊಂಡು, ಹ್ಯಾಮೊ ಒಳಗೆ ಮುಗ್ಗರಿಸಿ ಬಿದ್ದ. ಹಿಂದೆಯೇ ಮೆಟ್ಟಿಲ ಕಿಂಡಿಯ ಬಿಸಿಲು, ತಣ್ಣನೆಯ ಗಾಳಿ ಎರಡೂ ನುಗ್ಗಿದವು. ಆಲ್ವಿವಾ "ಗಂಡಸರು! ಗಂಡಸರು!" ಎಂದು ಕಿರುಚಿದಳು. ಅವನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನನ್ನ ಕೈಯಲ್ಲಿ ಮಗು ಇತ್ತು, ಅದರ ಕಡೆಗೂ ನೋಡಲಿಲ್ಲ. ಮಂಡಿಯೂರಿಕೊಂಡೇ ಹಾಸಿಗೆಯ ಹತ್ತಿರ ಹೋಗಿ, ಹೆಂಡತಿಯ ಬಾಯಿಗೆ ತನ್ನ ಕಿವಿ ಒತ್ತಿ, ಉಸಿರು ಬಿಗಿಹಿಡಿದು ಹಾಗೇ ಕೂತುಬಿಟ್ಟ.

ಆಗ ಅತ್ತಿತು ನಮ್ಮ ಕೂಸು. ಬೆಳಕು ಚುಚ್ಚಿತೋ, ಗಾಳಿ ಕೊರೆಯಿತೋ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಒಂದೇ ಒಂದು ಸಲ, ನನ್ನ ಕಿವಿ ಗುಂಯ್ ಎನ್ನುವಂತೆ ಕಿರುಚಿ ಬಾಯಿ ಮುಚ್ಚಿತು. ನನ್ನ ಬೆರಳಿನಲ್ಲಿ ಉಳಿದಿದ್ದ ಜೇನು ಸಿಕ್ಕಿತು, ಅದನ್ನು ಚೀಪುತ್ತಾ ಸುಮ್ಮನಾಯಿತು. ಸೋರ್ವಲ್ ಮನೆತನದ ಗಂಟಲು! ನನಗೆ ಕುಣಿಯಬೇಕು ಅನ್ನಿಸಿತು.

"ಕೇಳ್ತು!" ಎಂದರು ಬಾಗಿಲಲ್ಲಿ ನಿಂತ ರೈನ್‌ಫ್ರಿಡ್. "ದೇವರಾಣೆಗೂ ಕೇಳ್ತು!"

"ಏನು ಕೇಳ್ತು?" ಎಂದ ಅವರ ಹಿಂದಿದ್ದ ಓಸ್ಬರ್ಟ್. "ನಂಗೇನೂ ಕೇಳ್ಲಿಲ್ಲಪ್ಪ."

"ಕೆಳಗೆ ಅಂಗಳದಲ್ಲಿ ನಾಯಿಗಳು ಎದ್ದು ನಿಂತ್ಕೊಂಡ್ವು ಕಣೋ! ನಿನಗೆ ಕೇಳ್ಲಿಲ್ವಾ? ಕಿವೀಲಿ ಬಾತಿನ ಕೊಬ್ಬು ತುಂಬ್ಕೊಂಡಿದ್ಯಾ?"

"ಬಾಗಿಲು ಕಿರ್ ಅಂದಿದ್ದು ಕೇಳ್ತು. ಅಷ್ಟಕ್ಕೂ ಬಾಗಿಲು ತೆಗೆದಿತ್ತು. ನಾಲ್ಕು ಗೋಡೆ ಎಲ್ಲಿ ಬಂತು? ಮೂರೂವರೆ ಅನ್ನಿ. ಇಬ್ಬರು ಬೇಕು ಸ್ವಾಮಿ, ನೀವು ಒಬ್ರೇ. ಕರೀರಿ ಆ ವಾಕೆಲಿನ್‌ನ."

ವಾಕೆಲಿನ್ ಆ ಹೊತ್ತಿಗೆ ಹೊಳೆಯಾಚೆ ಬರಿಗಾಲಲ್ಲಿ ಕುದುರೆಗೆ ಓಟ್ಸ್ ತೋರಿಸುತ್ತಾ ಗೋಗರೆಯುತ್ತಿದ್ದ. ರೈನ್‌ಫ್ರಿಡ್‌ರ ಮುಖ ಜೋತುಬಿತ್ತು, ಮರುಗಳಿಗೆಯೇ ಅರಳಿತು. "ಹ್ಯಾಮೊ ಒಳಗೇ ಇದ್ನಲ್ಲ!" ಎಂದರು. "ಅವನೂ ಗಂಡಸೇ ತಾನೇ? ಪಾದ್ರಿಗಳೇ, ಆ ಪೆಟ್ಟಿಗೆ ತನ್ನಿ."

ಮೆಟ್ಟಿಲ ಕೆಳಗೆ ಜಪ ಮಾಡುತ್ತಿದ್ದ ನಮ್ಮ ಪಾದ್ರಿ, ಸಂತರ ಬೆರಳೆಲುಬು ಇಟ್ಟಿದ್ದ ಬೆಳ್ಳಿಯ ಪೆಟ್ಟಿಗೆ ಹಿಡಿದು ಹತ್ತಿ ಬಂದರು. ಓಸ್ಬರ್ಟ್ ಗೊಣಗಿದ, "ಲಾಭ ಇರೋವ್ನೇ ಸಾಕ್ಷಿ ಹೇಳೋದಾ?" ರೈನ್‌ಫ್ರಿಡ್ ಅವನ ಮೇಲೆ ಹರಿಹಾಯ್ದರು. "ಬ್ಯಾರನ್ ಒಬ್ಬ ಎಲುಬಿನ ಮೇಲೆ ಕೈಯಿಟ್ಟು ಆಡಿದ ಮಾತು. ಸುಳ್ಳಾಡಿದ್ರೆ ನೇರ ನರಕ. ಯಾವ ನ್ಯಾಯಾಧೀಶ ಅದನ್ನ ತೆಗೆದುಹಾಕ್ತಾನೆ, ನಾನೂ ನೋಡ್ತೀನಿ."

ಹ್ಯಾಮೊನ ಕಿವಿ ಇನ್ನೂ ಹವೀಸ್‌ಳ ತುಟಿಯ ಹತ್ತಿರವೇ ಇತ್ತು. ಪಾದ್ರಿ ಪೆಟ್ಟಿಗೆಯನ್ನು ಅವನ ಕೈಗೆ ತಾಗಿಸಿದರು. ಅವನು ತಲೆ ಎತ್ತದೆಯೇ ಅದರ ಮೇಲೆ ಕೈಯಿಟ್ಟ.

"ಹೇಳಪ್ಪ ಹ್ಯಾಮೊ," ಎಂದರು ರೈನ್‌ಫ್ರಿಡ್, ಸಿಹಿ ಹಂಚುವವರ ಹಾಗೆ ಮುಖ ಅರಳಿಸಿಕೊಂಡು. "ಮಗು ಅತ್ತಿದ್ದು ನೀನು ಕೇಳಿದ್ಯಾ?"

"ಇಲ್ಲ," ಎಂದ ನನ್ನ ತಮ್ಮ.

ನನ್ನ ಕೈಯಲ್ಲಿ ಮಗು ಇಲ್ಲದಿದ್ದರೆ ಪಕ್ಕದಲ್ಲಿದ್ದ ಹಿತ್ತಾಳೆಯ ಬೋಗುಣಿ ತೆಗೆದು ಅವನ ತಲೆಗೆ ಕುಕ್ಕುತ್ತಿದ್ದೆ. ಅವನು ಕೂತ ಜಾಗಕ್ಕೂ ಮಗು ಕಿರುಚಿದ ಜಾಗಕ್ಕೂ ಒಂದು ಮೊಳ ಇದ್ದರೆ ಹೆಚ್ಚು!

"ಸರಿಯಾಗಿ ನೆನಪು ಮಾಡ್ಕೊ," ಎಂದರು ಮುದುಕರು. "ಈಗ ತಾನೇ. ನಿನ್ನ ಬೆನ್ನ ಹಿಂದೆ. ಅತ್ತಿತಲ್ಲ?"

ಹ್ಯಾಮೊ ಮೊದಲ ಸಲ ತಲೆ ಎತ್ತಿದ. ಎಲ್ಲಿದ್ದೇನೆ ಎಂಬುದೂ ಅವನಿಗೆ ತಿಳಿದಂತಿರಲಿಲ್ಲ. ಗಡ್ಡವೆಲ್ಲ ಒದ್ದೆಯಾಗಿತ್ತು. "ನಾನು ಇವಳ ಉಸಿರು ಕೇಳ್ತಿದ್ದೆ," ಎಂದ. "ಬರ್ತಿದ್ಯೋ ಇಲ್ವೋ ಅಂತ. ಮಧ್ಯೆ ಒಂದ್ಸಲ ನಿಂತ ಹಾಗಾಯ್ತು. ಆಮೇಲೆ ಬಂತು. ಬೇರೇನೂ ನಂಗೆ ಕೇಳ್ಲಿಲ್ಲ." ನನ್ನ ಕೈಯಲ್ಲಿದ್ದ ಬಟ್ಟೆಯ ಸುರುಳಿಯನ್ನು ಬೆಪ್ಪಾಗಿ ನೋಡಿದ. "ಅಕ್ಕ, ಮಗು ಹುಟ್ಟಿದ್ಯಾ?"

"ಹಿಹ್ಹಿಹ್ಹೀ!" ಎಂದು ಓಸ್ಬರ್ಟ್ ಕುಣಿದೇಬಿಟ್ಟ. "ಕೇಳಿದ್ರಾ ಎಲ್ರೂ? ಹೆತ್ತಪ್ಪನ ಬಾಯಲ್ಲೇ ಬಂತು! ಎಲುಬಿನ ಮೇಲೆ ಕೈಯಿಟ್ಟು ಹೇಳಿದ್ದಾನೆ! ದೇವರು ದೊಡ್ಡವನು!" ದೇವರಿಗೆ ಎರಡೂ ಕೈ ಎತ್ತಿ ಮುಗಿದ. ಇಜಾರ ಸರ್ರನೆ ಕಾಲಿನವರೆಗೆ ಇಳಿಯಿತು. ಬಗ್ಗಿ ಎತ್ತಿಕೊಳ್ಳುವಾಗಲೂ ಅವನ ಬಾಯಿ ಕಿವಿಯಿಂದ ಕಿವಿಯವರೆಗೆ ತೆರೆದೇ ಇತ್ತು. ಬೇರೆ ದಿನವಾಗಿದ್ದರೆ ನಾನು ವಾರಗಟ್ಟಲೆ ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಕೋಟೆ ಹೋಯಿತು, ಹುಡುಗಿಯೂ ಹೋಗುತ್ತಾಳೆ ಎಂದು ಮಗುವನ್ನು ಎದೆಗೊತ್ತಿಕೊಂಡು ನಿಂತೆ.

"ಏನಂದ್ರಿ?"

ಹಾಸಿಗೆಯಿಂದ ಬಂದ ದನಿ. ಹವೀಸ್‌ಳ ಕಣ್ಣು ತೆರೆದಿತ್ತು. ಯಾವಾಗಿನಿಂದ ತೆರೆದಿತ್ತೋ ದೇವರಿಗೇ ಗೊತ್ತು. ಅವಳು ಓಸ್ಬರ್ಟ್‌ನನ್ನು ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದಳು.

"ಮಗು ಅತ್ತಿದ್ದು ನಿಜವಾಗ್ಲೂ ನಿಮಗೆ ಕೇಳಿಸ್ಲಿಲ್ವಾ?"

"ಇಲ್ಲ ಕಣೆ," ಎಂದ ಹ್ಯಾಮೊ, ತಪ್ಪು ಮಾಡಿದವನ ಹಾಗೆ.

"ಇಷ್ಟು ಹತ್ತಿರ ಇದ್ರೂ?"

"ಇಲ್ಲ."

"ಹೂಂ ಅಂದಿದ್ರೆ ಸಾಕಿತ್ತು. ಎಲ್ಲಾ ನಿಮ್ಮದಾಗ್ತಿತ್ತು. ಗಿರಣಿ, ಕಾಡು, ಈ ದರಿದ್ರ ಬುರುಜು."

ಅವನಿಗೆ ಆಗಲೇ ಹೊಳೆದದ್ದು. ನನ್ನ ತಮ್ಮ ಮೂಢನಲ್ಲ, ನಿಧಾನ ಅಷ್ಟೆ. ತಾನೇನು ಹೇಳಿದೆ, ಏನು ಕಳೆದೆ ಎಂಬುದು ಅವನ ಮುಖದ ಮೇಲೆ ಒಂದೊಂದಾಗಿ ಇಳಿದು ಬಂದದ್ದನ್ನು ನಾನು ನೋಡಿದೆ. ತಲೆ ಚಚ್ಚಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಹೆಗಲು ಕುಣಿಸಿ, "ಹಾಳಾಗಿ ಹೋಗ್ಲಿ ಬಿಡು," ಎಂದ. "ನೀನು ಮಾತಾಡ್ಬೇಡ. ಉಸಿರಾಡು."

ಹವೀಸ್ ಅವನನ್ನು ನೋಡುತ್ತಲೇ ಇದ್ದಳು. ಇಷ್ಟು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ನಾನು ಕಂಡಿರಲಿಲ್ಲ. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು, ಒರೆಸಿಕೊಳ್ಳಲು ಕೈಯಲ್ಲಿ ಶಕ್ತಿಯಿರಲಿಲ್ಲ. ಅವನೇ ತನ್ನ ಒರಟು ಹೆಬ್ಬೆರಳಿನಿಂದ ಒರೆಸಿದ. ನನಗೂ ಅಳು ಒತ್ತಿಕೊಂಡು ಬಂತು. ಆಲ್ವಿವಾ ಅಂತೂ ಗೊಳೋ ಎಂದು ಅಳುತ್ತಲೇ ಇದ್ದಳು, ಗಂಡಸರನ್ನು ಓಡಿಸುವುದನ್ನೂ ಮರೆತಿದ್ದಳು.

"ಅತ್ತಿಗೆ," ಎಂದಳು ಹವೀಸ್, "ಆ ಬಿಸಿ ದ್ರಾಕ್ಷಾರಸ ಎಲ್ಲಿ? ಕೊಡಿ ಇಲ್ಲಿ. ಎರಡು ಮೊಟ್ಟೆ ಒಡೆದು ಹಾಕಿ. ಜೇನು ಜಾಸ್ತಿ ಇರ್ಲಿ. ಆಮೇಲೆ ನನ್ನ ಮಗಳನ್ನ ಕೊಡಿ."

"ನಿಧಾನ ತಂಗಿ," ಎಂದ ಓಸ್ಬರ್ಟ್ ಬಾಗಿಲಿನಿಂದ, ಇಜಾರ ಬಿಗಿಹಿಡಿದು. "ಶಕ್ತಿ ಸಾಲದು. ಮಲಕ್ಕೊ, ಹಾಯಾಗಿ ಮಲಕ್ಕೊ."

ಹವೀಸ್ ತಲೆ ತಿರುಗಿಸಿ, ಬಂದ ದಿನದಿಂದ ಮೊದಲ ಸಲ ಅವನನ್ನು ಪೂರ್ತಿ ನೋಡಿದಳು.

"ಅಣ್ಣಾ, ಕಾಯೋದಾದ್ರೆ ಕೂತ್ಕೊಂಡು ಕಾಯಿ, ಕಾಲು ನೋಯತ್ತೆ. ಮಲಗೋಣ ಅಂತಲೇ ಇದ್ದೆ ನಾನು. ಇವರು ಬಾಯಿಬಿಟ್ಟು ಎಲ್ಲಾ ಕೆಡಿಸಿದ್ರು. ಇವರು ಮಾಡಿದ ಕೆಲಸಕ್ಕೆ ನಾನೀಗ ಸಾಯೋ ಹಾಗೂ ಇಲ್ಲ."

ನಾನು ತುಟಿಗೆ ಹಿಡಿದ ಬಟ್ಟಲನ್ನು ಅವಳು ತಳ ಕಾಣುವವರೆಗೆ ಕುಡಿದಳು, ಇನ್ನೊಂದು ತನ್ನಿ ಎಂದಳು.